ಟೇಪಿನ ಇನ್ನೊಂದು ತುದಿ

ಸೀವುಡ್ಸ್ ಸ್ಟೇಷನ್ನಿನಿಂದ ಖಾಡಿಯ ಕಡೆಗೆ, ಸಮುದ್ರ ನೆಲದೊಳಗೆ ಚಾಚಿದ ಉಪ್ಪುನೀರಿನ ಕಡೆಗೆ, ನಡೆದು ಹೋದರೆ, ಸಮುದ್ರದ ನೀರು ಇಳಿದ ಹೊತ್ತಿನಲ್ಲಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮೊನ್ನೆ ಕಲ್ಯಾಣದ ನಮ್ಮ ಡಿಗ್ರಿ ಕಾಲೇಜಿನ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಳೆ ಸ್ವಲ್ಪ ಬಿಟ್ಟಿತ್ತು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿ ಕಪ್ಪು ಕೆಸರು ಹೊಳೆಯುತ್ತಿತ್ತು. ಒಬ್ಬಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಮ್ಯಾಡಮ್, ಗಟರ್ ಕಾ ಸ್ಮೆಲ್ ಹೈ, ಚಲೋ ನಾ ವಾಪಸ್" ಎಂದಳು. ಗಟಾರವಲ್ಲಮ್ಮಾ, ಗಾಳಿಯಿಲ್ಲದ ಜಾಗದಲ್ಲೂ ಬದುಕುವ ಜೀವಿಗಳು ಉಸಿರಾಡುವ ವಾಸನೆ ಇದು ಎಂದು ನಾನು ಹಿಂದಿಯಲ್ಲಿ ಗದರಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಗದರಿದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಫೋನು ಬಂತು. ಮಂಜುನಾಥ. ಒಂದು ಕಾಲದಲ್ಲಿ ನನ್ನದಾಗಿದ್ದ ಪ್ರಯೋಗಾಲಯದಲ್ಲಿ ಈಗ ಕೂತಿರುವ ಮನುಷ್ಯ. ಹಬ್ಬಕ್ಕೊಂದು ಮೆಸೇಜು ಕಳಿಸುತ್ತಾನೆ, ಫೋನು ಮಾಡುವವನಲ್ಲ. ನಾನು ಎತ್ತಲಿಲ್ಲ. ಆ ವಾಸನೆ, ಆ ಹೆಸರು ಎರಡೂ ಒಟ್ಟಿಗೇ ಬಂದು ಆ ಮಳೆಗಾಲ ತಲೆಗೆ ಏರಿಬಿಟ್ಟಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುವುದಿಲ್ಲ. ಇಷ್ಟು ವರ್ಷವಾದರೂ ಇಳಿದಿಲ್ಲ.

ಆ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬೇಲಾಪುರದ ಗುಡ್ಡದ ಬುಡದಲ್ಲಿದೆ, ಗಾಜಿನ ಕಟ್ಟಡ, ಒಳಗೆ ಕಾಲಿಟ್ಟರೆ ಮಳೆಗಾಲದಲ್ಲೂ ಸ್ವೆಟರ್ ಬೇಕಾಗುವಷ್ಟು ಎಸಿ. ವಿದೇಶದಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನನ್ನು ಅವರು ಕರೆಸಿಕೊಂಡಾಗ, ನಮ್ಮಲ್ಲಿ ಸರ್ಕಾರಿ ಸಂಸ್ಥೆಗಳ ಜಡ್ಡುತನ ಇಲ್ಲ, ನಮ್ಮದು ಟೆನ್ಯೂರ್ ಟ್ರ್ಯಾಕ್ ಎಂದು ಹೆಮ್ಮೆಯಿಂದ ಹೇಳಿದ್ದರು. ಅಂದರೆ ಆರು ವರ್ಷ ಪರೀಕ್ಷೆ. ಆರನೆಯ ವರ್ಷದಲ್ಲಿ ದೇಶವಿದೇಶದ ತಜ್ಞರಿಗೆ ಬರೆದು, ಈ ಪ್ರೊಫೆಸರು ಕಾಯಂ ಮಾಡಲು ಯೋಗ್ಯಳೇ ಎಂದು ಕೇಳುತ್ತಾರೆ. ಹೌದಾದರೆ ನಿವೃತ್ತಿಯವರೆಗೆ ಕೆಲಸ. ಇಲ್ಲವಾದರೆ ಗಂಟುಮೂಟೆ ಕಟ್ಟಲು ಒಂದು ವರ್ಷದ ಪುರುಸೊತ್ತು.

ಡೊಂಬಿವಲಿಯ ನಮ್ಮ ಮನೆಯಲ್ಲಿ ಇದನ್ನು ಅರ್ಥ ಮಾಡಿಸಲು ನನಗೆ ಪಿಎಚ್‌ಡಿಗಿಂತ ಹೆಚ್ಚು ಕಷ್ಟವಾಗಿತ್ತು. ಕಾಪುವಿನ ಕಡೆಯಿಂದ ಬಂದು ಸ್ಟೇಷನ್ ಎದುರು ಹೋಟೆಲು ಇಟ್ಟವರು ನಾವು. ಅಪ್ಪ ಹೋದ ಮೇಲೆ ಅಣ್ಣ ನೋಡಿಕೊಳ್ಳುತ್ತಾನೆ. ಅಮ್ಮ ಟ್ರ್ಯಾಕು, ಟೆನ್ಯೂರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದ್ದರು.

"ಅಂದ್ರೆ ಪರ್ಮನೆಂಟ್ ಅಲ್ಲ."

"ಆಗ್ತದೆ ಅಮ್ಮ. ಆರು ವರ್ಷ ನೋಡ್ತಾರೆ."

"ಆರು ವರ್ಷ ಎಂತ ನೋಡುದು ಮಾರಾಯ್ತಿ? ಹುಡುಗಿ ನೋಡ್ಲಿಕ್ಕೆ ಬಂದವರು ಸಹ ಕಾಫಿ ಕುಡಿಯುವುದರೊಳಗೆ ಹೇಳ್ತಾರೆ."

ಅದಾದ ಮೇಲೆ ಊರವರ ಸಂಘದ ಪೂಜೆಯಿರಲಿ, ನೆಂಟರ ಮದುವೆಯಿರಲಿ, ಅಮ್ಮ ನನ್ನನ್ನು "ಪ್ರೊಫೆಸರ್, ಇನ್ನು ಪರ್ಮನೆಂಟ್ ಆಗ್ಲಿಕ್ಕುಂಟು" ಎಂದೇ ಪರಿಚಯ ಮಾಡಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ.

ನನ್ನ ಕೆಲಸ ಕೆಸರಿನದು. ಮಳೆಗಾಲದಲ್ಲಿ ಬದಲಾಪುರದ ಕಡೆಯಿಂದ ಉಲ್ಹಾಸ ನದಿಯ ಕೆಂಪು ನೀರು ಕಲ್ಯಾಣ, ಡೊಂಬಿವಲಿಗಳನ್ನು ಹಾದು ಬಂದು ಠಾಣೆಯ ಹತ್ತಿರ ಖಾಡಿಯ ಉಪ್ಪುನೀರಿಗೆ ಕೂಡುತ್ತದೆ. ವರ್ಷವಿಡೀ ಉಪ್ಪಿನಲ್ಲಿ ಬದುಕಿದ ಕೆಸರಿನ ಸೂಕ್ಷ್ಮಜೀವಿಗಳು ಆ ಸಿಹಿನೀರಿನ ಹೊಡೆತವನ್ನು ಹೇಗೆ ತಡೆದುಕೊಳ್ಳುತ್ತವೆ, ಯಾವುವು ಸಾಯುತ್ತವೆ, ಯಾವುವು ಮರಳಿ ಬರುತ್ತವೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಪ್ರತಿ ಮಳೆಗಾಲ ಅದೇ ಜಾಗಗಳಿಗೆ ಹೋಗಬೇಕು, ಮೊಣಕಾಲಿನವರೆಗೆ ಇಳಿಯಬೇಕು, ಕೊಳವೆ ಒತ್ತಿ ಕೆಸರು ತೆಗೆಯಬೇಕು. ಅದನ್ನು ತಂದು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಇಡಬೇಕು. ಬೇರೆಯವರು ವರ್ಷಕ್ಕೆ ನಾಲ್ಕು ಪ್ರಬಂಧ ಬರೆಯುತ್ತಿದ್ದರು. ನನಗೆ ವರ್ಷಕ್ಕೆ ಒಂದೇ ಮಳೆಗಾಲ ಸಿಗುತ್ತಿತ್ತು. ಕೆಲಸಕ್ಕೆ ಸೇರುವಾಗಲೇ ಇದನ್ನು ಬಾಯಿಬಿಟ್ಟು ಹೇಳಿದ್ದೆ, ಇಂಥ ದೀರ್ಘಕಾಲದ ಕೆಲಸವೇ ನಮಗೆ ಬೇಕು ಎಂದು ಅವರು ತಲೆಯಾಡಿಸಿದ್ದರು.

ಆರನೆಯ ಮಳೆಗಾಲ ಶುರುವಾದ ವಾರದಲ್ಲೇ ಕಟ್ಟಡ ನೋಡಿಕೊಳ್ಳುವ ಎಸ್ಟೇಟ್ ವಿಭಾಗದ ಒಬ್ಬರು ಅಳತೆಯ ಟೇಪು ಹಿಡಿದುಕೊಂಡು ಲ್ಯಾಬಿಗೆ ಬಂದರು. ಏನು ವಿಷಯ ಎಂದು ಕೇಳಿದೆ. "ಕಾಹಿ ನಾಹಿ ಮ್ಯಾಡಮ್, ರೂಟೀನ್ ಆಹೆ" ಎಂದರು, ಏನಿಲ್ಲ, ಮಾಮೂಲಿ ಎಂಬಂತೆ. ಒಬ್ಬರೇ ಬಂದಿದ್ದರಿಂದ ಟೇಪು ಮತ್ತೆ ಮತ್ತೆ ಜಾರಿ ಒಳಗೆ ಸುರುಳಿಯಾಗುತ್ತಿತ್ತು. ಪಾಪ ಎನಿಸಿ ನಾನೇ ಹೋಗಿ ಇನ್ನೊಂದು ತುದಿ ಹಿಡಿದುಕೊಂಡೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಫ್ರೀಜರಿಗೆ, ಫ್ರೀಜರಿನಿಂದ ನನ್ನ ಮೇಜಿಗೆ. ಅವರು ಥ್ಯಾಂಕ್ಯೂ ಹೇಳಿ ಹೋದರು. ನಾನು ಅದನ್ನು ಅಲ್ಲಿಗೇ ಮರೆತೆ.

ಆಮೇಲೆ ಡೀನ್ ಕರೆದರು. ಎತ್ತರದ ಮನುಷ್ಯ, ಸದಾ ನಗುಮುಖ, ಯಾರ ಭುಜವನ್ನಾದರೂ ತಟ್ಟದೆ ಮಾತು ಮುಗಿಸಿದವರಲ್ಲ. ನಿಮ್ಮ ವಿಷಯಕ್ಕೆ ಹತ್ತಿರದ ಇನ್ನೊಬ್ಬ ಪ್ರೊಫೆಸರನ್ನು ತರುತ್ತಿದ್ದೇವೆ, ನೀವು ಆಯ್ಕೆ ಸಮಿತಿಯಲ್ಲಿ ಇರಬೇಕು, ನಿಮಗೂ ಜೊತೆಯಾಗುತ್ತದೆ ಎಂದರು. ನನಗೆ ನಿಜವಾಗಿ ಖುಷಿಯಾಯಿತು. ಕೆಸರಿನ ಬಗ್ಗೆ ಮಾತಾಡಲು ಆ ಗಾಜಿನ ಕಟ್ಟಡದಲ್ಲಿ ನನಗೊಂದು ನರಪಿಳ್ಳೆಯೂ ಇರಲಿಲ್ಲ. ಜಾಹೀರಾತಿನ ಮಾತುಗಳನ್ನು ನಾನೇ ಕೂತು ಬರೆದೆ. ಬಂದ ಅರ್ಜಿಗಳನ್ನು ಠಾಣೆಯಿಂದ ಹೊರಡುವ ಪನ್ವೇಲ್ ಲೋಕಲಿನಲ್ಲಿ ನಿಂತುಕೊಂಡೇ ಓದಿದೆ. ಅದರಲ್ಲಿ ಬಾಗಲಕೋಟೆ ಕಡೆಯ ಮಂಜುನಾಥ ಎಂಬವನ ಕೆಲಸ ಎಲ್ಲರಿಗಿಂತ ಚೆನ್ನಾಗಿತ್ತು, ಅವನನ್ನು ಕರೆಸೋಣ ಎಂದು ಸಮಿತಿಯಲ್ಲಿ ಮೊದಲು ಹೇಳಿದವಳೂ ನಾನೇ.

ಪ್ರೊಫೆಸರುಗಳನ್ನು ಆಯ್ಕೆ ಮಾಡುವ ದಿನ ಅಲ್ಲೊಂದು ಮದುವೆಮನೆಯ ಗದ್ದಲ ಇರುತ್ತದೆ. ಅಭ್ಯರ್ಥಿ ಬೆಳಿಗ್ಗೆ ಎಲ್ಲರೆದುರು ಭಾಷಣ ಮಾಡಬೇಕು. ಆಮೇಲೆ ಒಬ್ಬೊಬ್ಬರ ಕೋಣೆಗೆ ಹೋಗಿ ಕೂರಬೇಕು, ಲ್ಯಾಬುಗಳನ್ನು ನೋಡಬೇಕು. ಮಧ್ಯಾಹ್ನ ಸಮಿತಿಯವರ ಜೊತೆ ಊಟ. ಹೇಳುವುದು ಊಟ ಎಂದು, ನಡೆಯುವುದು ಪರೀಕ್ಷೆ. ಈ ಮನುಷ್ಯ ನಮ್ಮ ಜೊತೆ ಹೊಂದಿಕೊಳ್ಳುತ್ತಾನೋ ಇಲ್ಲವೋ ಎಂದು ತೀರ್ಮಾನ ಆಗುವುದೇ ಅಲ್ಲಿ. ಆ ಊಟ ಬರುತ್ತಿದ್ದದ್ದು ನಮ್ಮ ಹೋಟೆಲಿನಿಂದ. ಒಮ್ಮೆ ಡೀನ್ ನನ್ನ ಡಬ್ಬಿಯ ನೀರುದೋಸೆ ತಿಂದವರು, ಇನ್ನು ಅಭ್ಯರ್ಥಿಗಳಿಗೆಲ್ಲ ಇದನ್ನೇ ತರಿಸೋಣ ಎಂದಿದ್ದರು. ಅಣ್ಣ ಹಿರಿಹಿರಿ ಹಿಗ್ಗಿದ್ದ. ತಂಗಿಯ ಸಂಸ್ಥೆಗೆ ಎಂದು ಅವನೇ ಟೆಂಪೋದಲ್ಲಿ ಪಾತ್ರೆಗಳ ಜೊತೆ ಬಂದು, ತೊಳೆದ ಬಿಳಿ ಶರ್ಟು ಹಾಕಿಕೊಂಡು, ನಿಂತು ಬಡಿಸುತ್ತಿದ್ದ.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟುನಿಟ್ಟು ಇದೆ. ಊಟಕ್ಕೆ ಕೂತವರ ಎದುರು ಕೆಟ್ಟ ಮಾತು ಆಡಬಾರದು. ಬಾಕಿ ಕೇಳಬೇಕಿದ್ದರೂ, ಜಗಳ ಆಡಬೇಕಿದ್ದರೂ, ಅವರು ಕೈತೊಳೆದು ಏಳುವವರೆಗೆ ಕಾಯಬೇಕು. ಹೋಟೆಲಿನ ಗಲ್ಲಾದ ಮೇಲೆ ಕೂತು ಬೆಳೆದವಳು ನಾನು, ಅದು ನನ್ನ ರಕ್ತದಲ್ಲೇ ಇಳಿದುಹೋಗಿದೆ.

ಮಂಜುನಾಥ ಬಂದ ದಿನ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಮಾಜಿವಾಡಾದಲ್ಲಿ ನೀರು ನಿಂತು ಅವನ ಟ್ಯಾಕ್ಸಿ ಸಿಕ್ಕಿಹಾಕಿಕೊಂಡಿತ್ತು. ಪ್ಯಾಂಟು ಮೊಣಕಾಲಿನವರೆಗೆ ನೆನೆದು, ಬೂಟಿನಿಂದ ಪಚಪಚ ಸದ್ದು ಬರುತ್ತಿದ್ದರೂ ಅವನು ಅಂಜದೆ ಭಾಷಣ ಮಾಡಿದ. ಚೆನ್ನಾಗಿ ಮಾಡಿದ, ಅದನ್ನು ಸಿಟ್ಟಿನಲ್ಲೂ ಹೇಳಬೇಕು. ಆಮೇಲೆ ಡೀನ್ ಮತ್ತು ನಾನು ಅವನನ್ನು ಲ್ಯಾಬು ತೋರಿಸಲು ಕರೆದುಕೊಂಡು ಹೊರಟೆವು. ಇಬ್ಬರೂ ಕನ್ನಡದವರು, ಮಾತಾಡಿಕೊಳ್ಳಿ ಎಂದು ಡೀನ್ ಇಂಗ್ಲಿಷಿನಲ್ಲಿ ಹೇಳಿ ಎಂದಿನಂತೆ ಭುಜ ತಟ್ಟಿದರು. ಎಲ್ಲ ಲ್ಯಾಬುಗಳನ್ನು ದಾಟಿಕೊಂಡು ನೇರ ನನ್ನ ಲ್ಯಾಬಿಗೇ ಕರೆದುಕೊಂಡು ಬಂದರು. ಒಂದೇ ವಿಷಯದವರಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡೆ.

ಮಂಜುನಾಥ ಒಳಗೆ ಬಂದು ಸುತ್ತ ನೋಡಿದ. ಕಿಟಕಿ ನೋಡಿದ, ಫ್ರೀಜರು ನೋಡಿದ. ನಮ್ಮ ಭಾಷೆಯವಳು ಸಿಕ್ಕಳು ಎಂಬ ಸಂತೋಷದಲ್ಲಿ ನನ್ನ ಕಡೆ ತಿರುಗಿದ.

"ಲ್ಯಾಬ್ ಭಾಳ ಛಲೋ ಇಟ್ಟೀರಿ ಮೇಡಂ. ನೀವು ಇಲ್ಲಿಂದ ಯಾವ ಊರಿಗೆ ಹೊಂಟೀರಿ?"

"ಯಾರು, ನಾನಾ? ನಾನೆಲ್ಲಿಗೂ ಹೋಗುದಿಲ್ಲ."

ಅವನು ಗಲಿಬಿಲಿಗೊಂಡ. "ಅಲ್ರಿ, ಸರ್ ಫೋನ್ನ್ಯಾಗ ಹೇಳಿದ್ರು. ಈಗಿದ್ದವ್ರು ಬಿಟ್ಟು ಹೊಂಟಾರ, ಇದ ಲ್ಯಾಬ್ ನಿಮಗ ಸಿಗ್ತೈತಿ ಅಂತ. ನಕ್ಷಾನೂ ಕಳಿಸ್ಯಾರ, ಸಾಮಾನ ಎಲ್ಲೆಲ್ಲಿ ಇಡ್ತೀರಿ ನೋಡ್ಕೊಂಡು ಹೇಳ್ರಿ ಅಂತ. ನಾ ನಿಮ್ಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ."

ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಫ್ರೀಜರಿಗೆ. ನಾನು ತುದಿ ಹಿಡಿದುಕೊಂಡು ತೆಗೆಸಿದ ಅಳತೆ. ಅಂದರೆ ನನ್ನ ಬಗ್ಗೆ ಅಭಿಪ್ರಾಯ ಕೇಳಿ ತಜ್ಞರಿಗೆ ಬರೆದ ಪತ್ರಗಳಿಗೆ ಉತ್ತರ ಬರುವ ಮೊದಲೇ, ಕೆಲವರಿಗೆ ಪತ್ರ ಹೋಗುವ ಮೊದಲೇ, ಇವರು ನನ್ನನ್ನು ಹೊರಗೆ ಹಾಕಿ ಆಗಿತ್ತು. ಹೊರಗೆ ಹಾಕಿದ ಮೇಲೆ ನನ್ನ ಕೈಯಲ್ಲೇ ಜಾಹೀರಾತು ಬರೆಸಿದರು, ನನ್ನ ಕೈಯಲ್ಲೇ ಬೇರೆಯವನನ್ನು ಹುಡುಕಿಸಿದರು.

ನಾವು ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಡೀನ್ ಅರಳಿದ ಮುಖದಿಂದ ನೋಡುತ್ತಾ ನಿಂತಿದ್ದರು. "ವಂಡರ್‌ಫುಲ್! ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಫ್ರೀಜರಿನ ಬಾಗಿಲು ತಟ್ಟಿ, ಇದನ್ನೂ ಖಾಲಿ ಮಾಡಿಸಿ ಕೊಡುತ್ತೇವೆ ಎಂದು ಅವನಿಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ಮನುಷ್ಯ ಕಣ್ಣು ಕೂಡ ಮಿಟುಕಿಸಲಿಲ್ಲ. ಆ ಫ್ರೀಜರಿನಲ್ಲಿ ಇದ್ದದ್ದು ನನ್ನ ಆರು ಮಳೆಗಾಲ. ನನಗೆ ಅಲ್ಲೇ ಕಿರುಚಬೇಕು ಎನಿಸಿತು. ಅಷ್ಟರಲ್ಲಿ ಅಣ್ಣ ಬಾಗಿಲಲ್ಲಿ ತಲೆ ಹಾಕಿ, ಊಟ ರೆಡಿ ಉಂಟು ಎಂದ.

ಆ ಊಟದಲ್ಲಿ ನಾನು ಮಂಜುನಾಥನ ಎದುರಿಗೇ ಕೂತಿದ್ದೆ. ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ನನಗೂ ಇಳಿಯುತ್ತಿರಲಿಲ್ಲ. ಡೀನ್ ಮಾತ್ರ ಬೆರಳು ಚೀಪಿಕೊಂಡು ಉಂಡರು. ಇದ್ಯಾವುದೂ ಗೊತ್ತಿಲ್ಲದ ಅಣ್ಣ, ನಮ್ಮ ಕನ್ನಡದ ಹುಡುಗ ಎಂಬ ಅಕ್ಕರೆಯಿಂದ, "ಹಾಕಿಕೊಳ್ಳಿ, ನಾಚಿಕೆ ಎಂತದ್ದು? ನಿಮ್ಮ ಮನೆ ಅಂತ ತಿಳಿಯಿರಿ" ಎಂದು ಅವನಿಗೆ ಎರಡು ಸಲ ಪಾಯಸ ಬಡಿಸಿದ. ನಾನು ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಿದ್ದರಲ್ಲ! ನನ್ನ ಸಂಸ್ಕಾರ ಅವರಿಗೆ ಎಷ್ಟು ಅನುಕೂಲವಾಯಿತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಊಟವಾದ ಕೂಡಲೇ ಸಮಿತಿ ಸೇರಿತು. ಒಬ್ಬೊಬ್ಬರಾಗಿ ಹುಡುಗನನ್ನು ಹೊಗಳಿದರು. ನನ್ನ ಸರದಿ ಬಂದಾಗ ಎಲ್ಲರೂ ಒಂದು ಕ್ಷಣ ಲೋಟದ ನೀರು ನೋಡಿದರು. ಆಗ ಗೊತ್ತಾಯಿತು, ಆ ಕೋಣೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು ಎಂದು. ಅವನು ಬೇಡ ಎಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಬೇಕು ಎಂದರೆ, ನೋಡಿ, ಅವರೇ ಒಪ್ಪಿದ್ದಾರೆ ಎನ್ನುತ್ತಾರೆ. ಎರಡೂ ಕಡೆ ಬಾಗಿಲು ಹಾಕಿಟ್ಟು ನನ್ನನ್ನು ಕೂರಿಸಿದ್ದರು.

ನಾನು ಹೇಳಿದೆ: ಇವನು ಒಳ್ಳೆಯ ವಿಜ್ಞಾನಿ, ಬಂದವರಲ್ಲಿ ಇವನೇ ಮೇಲು, ತೆಗೆದುಕೊಳ್ಳಿ. ಆದರೆ ಇವನಿಗೆ ಕೊಡುವ ಲ್ಯಾಬು ಯಾವುದು, ಅಲ್ಲಿ ಈಗ ಇರುವವರು ಎಲ್ಲಿಗೆ ಹೋಗುತ್ತಾರೆ, ಅದನ್ನು ತೀರ್ಮಾನಿಸಿದವರು ಯಾರು, ಯಾವಾಗ, ಇಷ್ಟನ್ನು ಇಲ್ಲಿ ನನ್ನೆದುರು ಹೇಳಿ ಬರೆಸಿ.

ಒಬ್ಬರು ಫೈಲು ಮುಚ್ಚಿ ಕಿಟಕಿಯ ಕಡೆ ತಿರುಗಿದರು. ಮಳೆ ಗಾಜಿಗೆ ಬಡಿಯುತ್ತಿತ್ತು. ನನ್ನ ಜೊತೆ ಆರು ವರ್ಷ ಚಹಾ ಕುಡಿದವರು, ನನ್ನ ಕೆಸರು ಮೆತ್ತಿದ ಬೂಟಿಗೆ ನಕ್ಕವರು, ಮೀನಿನ ಸೀಸನ್ನಿನಲ್ಲಿ ನಮ್ಮ ಮನೆಗೆ ಬಂದು ಬಂಗುಡೆ ತಿಂದವರು ಅಲ್ಲಿದ್ದರು. ಡೀನ್ ಕೊನೆಗೆ, ಜಾಗದ ವಿಷಯ ಈ ಸಮಿತಿಯ ಮುಂದಿಲ್ಲ, ಅದು ಬೇರೆ ಸಮಿತಿ ಎಂದರು. ಆ ಬೇರೆ ಸಮಿತಿಯ ಅಧ್ಯಕ್ಷರೂ ಅವರೇ.

ಗಣಪತಿ ಹಬ್ಬ ಮುಗಿದ ಮೇಲೆ ಡೀನ್ ನನ್ನನ್ನು ಕರೆದು, ಕಾಯಂ ಮಾಡುವುದಿಲ್ಲ ಎಂಬ ನಿರ್ಧಾರ ತಿಳಿಸಿದರು. ನಿಮ್ಮ ಕೆಲಸ ಗಂಭೀರವಾದದ್ದು, ಆದರೆ ವೇಗ ಸಾಲದು ಎಂದರು. ಮಳೆಗಾಲ ವರ್ಷಕ್ಕೆ ಒಂದೇ ಬರುವುದು ನನ್ನ ತಪ್ಪಾ ಎಂದು ಕೇಳಿದೆ. ತಜ್ಞರ ಪತ್ರ ಬರುವ ಮೊದಲೇ ನನ್ನ ಲ್ಯಾಬು ಯಾಕೆ ಅಳೆಸಿದಿರಿ ಎಂದು ಕೇಳಿದೆ. "ಅದು ಬರೀ ಪ್ಲ್ಯಾನಿಂಗ್ ಸುಜಾತಾ, ಪರ್ಸನಲ್ ಆಗಿ ತಗೋಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಭುಜ ತಟ್ಟಲು ಬಂದರು. ನಾನು ಹಿಂದೆ ಸರಿದೆ. ಆ ಕೈ ಗಾಳಿಯಲ್ಲೇ ಉಳಿಯಿತು. ಆ ವರ್ಷ ನನಗೆ ಸಿಕ್ಕ ಒಂದೇ ಒಂದು ಸಮಾಧಾನ ಅದು.

ಮನೆಯಲ್ಲಿ ಅಮ್ಮ ಒಂದು ಮಾತೂ ಕೇಳಲಿಲ್ಲ. ಅಣ್ಣನ ಜೊತೆ ಮಾತ್ರ ದೊಡ್ಡ ಜಗಳವಾಯಿತು. ವಿಷಯ ಗೊತ್ತಾದ ಮೇಲೂ ಮುಂದಿನ ವಾರ ಅವನು ಅಲ್ಲಿಗೆ ಊಟ ಕಳಿಸಿದ್ದ.

"ನನ್ನನ್ನು ಓಡಿಸಿದವರಿಗೆ ನೀನು ಪಾಯಸ ಮಾಡಿ ಹಾಕ್ತೀಯಾ?" ಎಂದು ಕೂಗಿದೆ.

"ಒಪ್ಪಿಕೊಂಡ ಆರ್ಡರ್ ಬಿಡ್ಲಿಕ್ಕೆ ಆಗ್ತದಾ ಸುಜಾತಾ? ಹೋಟೆಲು ನಡೆಸುವವ ತಿನ್ನುವವರ ಜಾತಕ ನೋಡ್ಲಿಕ್ಕೆ ಆಗುದಿಲ್ಲ" ಎಂದ. ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆದರೂ ಅವನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ.

ಕೆಲಸಕ್ಕೆ ಸೇರುವ ಮೊದಲು ಮಂಜುನಾಥ ನನಗೆ ಫೋನು ಮಾಡಿದ. "ನೀವು ಬ್ಯಾಡ ಅಂದ್ರ ನಾ ಬರೂದಿಲ್ಲ ಮೇಡಂ" ಎಂದ. ನೀವು ಬರದಿದ್ದರೆ ಬೇರೊಬ್ಬರು ಬರುತ್ತಾರೆ, ಅವರಿಗೆ ಕೆಸರಿನ ಬೆಲೆ ಗೊತ್ತಿರುವುದಿಲ್ಲ, ಬನ್ನಿ ಎಂದೆ. ಅಷ್ಟು ಕೊರೆಯುವ ಫ್ರೀಜರು ನನಗೆ ಬೇರೆಲ್ಲೂ ಸಿಗಲಿಲ್ಲ, ಈ ಕಾಲೇಜಿನಲ್ಲಂತೂ ಐಸ್‌ಕ್ರೀಮ್ ಇಡುವ ಪೆಟ್ಟಿಗೆಯೂ ಇಲ್ಲ. ನನ್ನ ಕೆಸರನ್ನು ಎಸೆಯಿರಿ ಎಂದು ಅವನಿಗೆ ಮೇಲಿನಿಂದ ಹೇಳಿದರೂ ಅವನು ಎಸೆಯಲಿಲ್ಲ. ಕೆಳಗಿನ ಅರೆಯಲ್ಲಿ ಇಟ್ಟುಕೊಂಡ. ತಾನೂ ಪ್ರತಿ ಮಳೆಗಾಲ ಅದೇ ಜಾಗಗಳಲ್ಲಿ ಇಳಿದು ಮೇಲಿನ ಅರೆಗಳನ್ನು ತುಂಬಿಸುತ್ತಾ ಬಂದ. ನಾನು ಬಿಟ್ಟ ಪ್ರಶ್ನೆಯನ್ನು ಅವನು ಬಿಡಲಿಲ್ಲ, ಅದಕ್ಕಾಗಿಯೇ ಅವನನ್ನು ದ್ವೇಷಿಸಲು ನನಗೆ ಆಗಲಿಲ್ಲ. ಪ್ರಯತ್ನ ಪಟ್ಟಿದ್ದೆ.

ಮೊನ್ನೆ ಹುಡುಗಿಯರನ್ನು ಕಲ್ಯಾಣಕ್ಕೆ ಮರಳಲು ಠಾಣೆಯ ಲೋಕಲಿಗೆ ಹತ್ತಿಸಿ, ಸೀವುಡ್ಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವನಿಗೆ ಮರಳಿ ಫೋನು ಮಾಡಿದೆ. ಲೆಕ್ಕ ಹಾಕಬೇಕಾದ ಅಗತ್ಯವೇ ಇರಲಿಲ್ಲ, ಇದು ಅವನ ಆರನೆಯ ಮಳೆಗಾಲ.

"ಮೇಡಂ, ಇವತ್ತು ಲ್ಯಾಬಿಗೆ ಟೇಪ್ ತಗೊಂಡು ಬಂದಿದ್ರು" ಎಂದ. ದನಿ ಸಣ್ಣಗಾಗಿತ್ತು. "ನಾಳೆ ಒಬ್ರು ಕ್ಯಾಂಡಿಡೇಟ್ ಬರ್ತಾರಂತ. ನಮ್ಮದ ವಿಷಯದವ್ರು. ನಾನ ಲ್ಯಾಬ್ ತೋರಿಸ್ಬೇಕಂತ, ಡೀನ್ ಜೋಡಿ ಇರ್ತಾರ. ನಿಮ್ಮ ರಾಡಿ, ನನ್ನ ರಾಡಿ ಎಲ್ಲಾ ಇಲ್ಲೇ ಐತ್ರಿ."

ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. "ಟೇಪಿನ ಇನ್ನೊಂದು ತುದಿ ಯಾರು ಹಿಡಿದದ್ದು?"

"ಪಾಪ, ಒಬ್ಬನ ಬಂದಿದ್ದ ರೀ. ಹಿಡೀರಿ ಅಂದ. ಹಿಡಿದೆ."

ಪನ್ವೇಲ್ ಲೋಕಲು ಬಂತು, ಹೋಯಿತು. ಖಾಡಿಯ ವಾಸನೆ ಪ್ಲಾಟ್‌ಫಾರ್ಮಿನವರೆಗೂ ಬರುತ್ತಿತ್ತು.

"ಬರುವವರಿಗೆ ಕನ್ನಡ ಬರ್ತದಾ?" ಎಂದು ಕೇಳಿದೆ.

"ಇಲ್ರಿ. ಚೆನ್ನೈ ಕಡೆಯವ್ರು."

"ಒಳ್ಳೆಯದಾಯ್ತು. ಹಾಗಾದ್ರೆ ಇಂಗ್ಲಿಷಿನಲ್ಲೇ ಹೇಳಿ. ಇದು ನನ್ನ ಲ್ಯಾಬು, ನಾನು ಎಲ್ಲಿಗೂ ಹೋಗ್ತಾ ಇಲ್ಲ, ನನಗೆ ಯಾರೂ ಏನೂ ಹೇಳಿಲ್ಲ ಅಂತ. ಡೀನ್ ಎದುರಿಗೇ, ಅವರಿಗೆ ಅರ್ಥ ಆಗುವ ಹಾಗೆ. ಮತ್ತೆ ಮಂಜುನಾಥ್..."

"ಹೇಳ್ರಿ ಮೇಡಂ."

"ಊಟಕ್ಕೆ ಕೂರುವ ಮೊದಲು ಹೇಳಿ."